ದತ್ತಿನಿಧಿಗಳೂ ಉದಯೋನ್ಮುಖ ಕಲಾವಿದರೂ: ಮೇರಿಯನ್ ಆಂಡರ್ಸನ್ ಅವರ ನಿದರ್ಶನ

ಗಾಯಕರು, ವಾದಕರು, ನರ್ತಕರು, ನಟರು ಪ್ರಸಿದ್ಧಿಗೆ ಬಂದ ಮೇಲೆ ಅವರನ್ನು ಸನ್ಮಾನಿಸುವುದಕ್ಕೆ ಮುಂದಾಗುವವರಿಗೆ ಎಂದೂ ಕೊರತೆಯಿಲ್ಲ. ಆದರೆ ಪ್ರಸಿದ್ಧಿಗೆ ಬರುವ ಮುಂಚಿನ ಹತ್ತು ಹದಿನೈದು ವರ್ಷಗಳಲ್ಲಿ ಅವರು ಯಾರ ಅನ್ನವನ್ನುಂಡು ಸಾಧನೆ ಮಾಡಿದರು, ಯಾವ ಆಸರೆಯಿಂದ ಕಲಿಕೆಯನ್ನು ಕೈಬಿಡದೆ ಉಳಿಸಿಕೊಂಡರು ಎಂಬುದನ್ನು ವಿಚಾರಿಸುವವರು ವಿರಳ. ಈ ನಡುವಣ ಕಾಲವನ್ನೂ, ಆ ಕಾಲದಲ್ಲಿ ಕಲಾವಿದನಿಗೆ ನೆರವಾಗಲೆಂದೇ ಹುಟ್ಟಿಕೊಂಡ ಧರ್ಮಾರ್ಥ ಪ್ರತಿಷ್ಠಾನಗಳನ್ನೂ ಕುರಿತು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯವು ವಿಸ್ತಾರವಾದುದು, ದೇಶದೇಶಗಳ ಸಂಸ್ಥೆಗಳ ಪಟ್ಟಿಯನ್ನು ಕೊಡುತ್ತ ಹೋದರೆ ಅದು ಕೈಪಿಡಿಯಾಗುತ್ತದೆಯೇ ಹೊರತು ವಿವೇಚನೆಯಾಗುವುದಿಲ್ಲ. ಆದಕಾರಣ ನಾವು ಒಂದೇ ಒಂದು ಜೀವನವನ್ನು ಆರಿಸಿಕೊಂಡಿದ್ದೇವೆ. ಅಮೆರಿಕದ ಪ್ರಖ್ಯಾತ ಗಾಯಕಿ ಮೇರಿಯನ್ ಆಂಡರ್ಸನ್ (1897–1993) ಅವರ ಬಾಳಿನಲ್ಲಿ ಜನರ ವಂತಿಗೆ, ಸ್ಪರ್ಧೆಯ ಬಹುಮಾನ, ಪ್ರತಿಷ್ಠಾನದ ಶಿಷ್ಯವೇತನ, ಈ ಮೂರೂ ಒಂದಾದ ಮೇಲೊಂದರಂತೆ ಬಂದುವು. ಕೊನೆಗೆ ಆಕೆಯೇ ಒಂದು ದತ್ತಿಯ ಸ್ಥಾಪಕಿಯೂ ಆದರು. ಯಾವ ನೆರವಿನಿಂದ ಏನು ಸಾಧ್ಯವಾಯಿತು, ಏನು ಸಾಧ್ಯವಾಗಲಿಲ್ಲ ಎಂಬುದನ್ನು ತೂಗಿ ನೋಡುವುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನಮಗೆ ಕಾಣದು.

ನಮ್ಮ ವಾಚಕರಿಗೆ ಇದು ಕೇವಲ ಪರದೇಶದ ವೃತ್ತಾಂತವಲ್ಲ. ಕಾಲೇಜಿನ ಅಧ್ಯಾಪಕರಲ್ಲಿ ಅನೇಕರು ಹಾಡುವ ಅಥವಾ ನರ್ತಿಸುವ ವಿದ್ಯಾರ್ಥಿಯೊಬ್ಬನಿಗೆ ಶಿಫಾರಸು ಪತ್ರವನ್ನು ಬರೆದುಕೊಟ್ಟಿರುತ್ತಾರೆ. ವಿದ್ಯಾರ್ಥಿಗಳಲ್ಲಿ ಕೆಲವರು ಅಂಥ ಪತ್ರವನ್ನು ಹಿಡಿದು ಕಾದುಕುಳಿತಿರುತ್ತಾರೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ವೇತನ ಕೊಡುವವನು ಎರಡು ವರ್ಷದ ಕೊನೆಗೆ ಒಂದು ಪದವಿಯನ್ನು ನಿರೀಕ್ಷಿಸಬಹುದು. ಗಾಯಕನ ವಿಷಯದಲ್ಲಿ ಅಂಥ ಗಡುವಿಲ್ಲ. ಸ್ವರ ನಿಲ್ಲಲು ಐದು ವರ್ಷ ಬೇಕಾದೀತು, ಹತ್ತೂ ಬೇಕಾದೀತು. ಅಷ್ಟಾದರೂ ಅದು ಸಭೆಯನ್ನು ಹಿಡಿದಿಡುವ ಸ್ವರವಾಗುತ್ತದೆಂಬ ಭರವಸೆ ಯಾರಿಗೂ ಇಲ್ಲ. ಬೆಳೆ ಬರುವುದೋ ಇಲ್ಲವೋ ತಿಳಿಯದ ಹೊಲಕ್ಕೆ ಬೀಜ ಚೆಲ್ಲುವ ಕೆಲಸವಿದು. ಹೀಗಿರಲು ದಾನಿಯಾದವನು ಸಹಜವಾಗಿಯೇ ಮೊಳಕೆಗಿಂತ ತೆನೆಗೆ ಹಣ ಕೊಡಲು ಇಚ್ಛಿಸುತ್ತಾನೆ. ಉದಯೋನ್ಮುಖ ಕಲಾವಿದನಿಗೆಂದು ಮೀಸಲಾದ ದತ್ತಿಗಳಲ್ಲಿಯೂ ಬಹುಪಾಲು ಆತನು ಈಗಾಗಲೇ ಉದಯಿಸಿದ ಮೇಲೆಯೇ ಕೈಗೆಟುಕುತ್ತವೆ ಎಂಬುದು ನಮ್ಮ ಅಭಿಪ್ರಾಯ. ಅದು ಹೇಗೆಂಬುದು ಮುಂದಿನ ವೃತ್ತಾಂತದಿಂದ ವಿಶದವಾದೀತು.

ಮೇರಿಯನ್ ಆಂಡರ್ಸನ್ ಹುಟ್ಟಿದ್ದು ಫಿಲಡೆಲ್ಫಿಯ ನಗರದಲ್ಲಿ, ಕಪ್ಪು ಜನಾಂಗದ ಒಂದು ಬಡ ಕುಟುಂಬದಲ್ಲಿ. ತಂದೆ ಮಂಜುಗಡ್ಡೆ ಮತ್ತು ಕಲ್ಲಿದ್ದಲು ಮಾರುತ್ತಿದ್ದವರು. ಮಗಳು ಹನ್ನೆರಡರ ಪ್ರಾಯದಲ್ಲಿದ್ದಾಗಲೇ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ತಾಯಿ ಮದುವೆಗೆ ಮುಂಚೆ ವರ್ಜೀನಿಯದಲ್ಲಿ ಉಪಾಧ್ಯಾಯಿನಿಯಾಗಿದ್ದವರು. ಫಿಲಡೆಲ್ಫಿಯದಲ್ಲಿ ಆ ಕೆಲಸ ದೊರೆಯದೆ ಅವರಿವರ ಬಟ್ಟೆ ಒಗೆದು, ದೊಡ್ಡ ಅಂಗಡಿಯೊಂದರ ನೆಲ ಸಾರಿಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದರು. ಹುಡುಗಿ ಆರು ವರ್ಷದವಳಾಗಿದ್ದಾಗಿನಿಂದ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಮೇಳದಲ್ಲಿ ಹಾಡುತ್ತಿದ್ದಳು. ಕಂಠ ಅಸಾಧಾರಣವಾದುದೆಂದು ಚರ್ಚಿನವರಿಗೆ ತಿಳಿಯಲು ತಡವಾಗಲಿಲ್ಲ. ಆದರೆ ಶಾಸ್ತ್ರೀಯ ಶಿಕ್ಷಣಕ್ಕೆ ಹಣವೆಲ್ಲಿ?

ಈ ಪ್ರಶ್ನೆಗೆ ಉತ್ತರ ಕೊಟ್ಟವನು ಯಾವ ಧನಿಕನೂ ಅಲ್ಲ. ಚರ್ಚಿನ ಜನರೇ, ಅಂದರೆ ಅಡುಗೆಯವರು, ಅಗಸಗಿತ್ತಿಯರು, ಕೂಲಿಯವರು, ಸಣ್ಣಪುಟ್ಟ ವ್ಯಾಪಾರಿಗಳು ಕಾಸಿಗೆ ಕಾಸು ಕೂಡಿಸಿ ಆಕೆಯ ಭವಿಷ್ಯಕ್ಕೆಂದೇ ಒಂದು ನಿಧಿಯನ್ನು ಕಟ್ಟಿದರು. ಆ ನಿಧಿಯ ನೆರವಿನಿಂದಲೇ ಆಕೆಯ ಪ್ರೌಢಶಾಲೆಯ ಓದು ನಡೆಯಿತು. 1920ರ ಸುಮಾರಿಗೆ ಜುಸೆಪ್ಪೆ ಬೊಗೆಟ್ಟಿ ಎಂಬ ಪ್ರಸಿದ್ಧ ಶಿಕ್ಷಕರಲ್ಲಿ ಪಾಠವೂ ಆರಂಭವಾಯಿತು. ಅದಕ್ಕೂ ಮುಂಚೆ ನಗರದ ಒಂದು ಸಂಗೀತ ಶಾಲೆಯಲ್ಲಿ ಪ್ರವೇಶ ಕೇಳಲು ಹೋದಾಗ ಕಪ್ಪು ಜನಾಂಗದವರನ್ನು ತಾವು ಸೇರಿಸಿಕೊಳ್ಳುವುದಿಲ್ಲವೆಂದು ಬಾಗಿಲಲ್ಲೇ ತಿಳಿಸಿ ಕಳುಹಿಸಿದ್ದರು. ಶಾಲೆಯಲ್ಲಿ ಕೇಳಿದ್ದು ಹಣವಲ್ಲ, ಬಣ್ಣ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು; ಈ ಸಂಗತಿಗೆ ನಾವು ಮತ್ತೆ ಬರಬೇಕಾಗುತ್ತದೆ.

ಜನರ ವಂತಿಗೆಯಿಂದ ಸಂಗೀತಗಾರನನ್ನು ಬೆಳೆಸುವ ಈ ಕ್ರಮ ಕನ್ನಡಿಗರಿಗೆ ಹೊಸದೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದರೆ ಸಾಕು. ಪಂಚಾಕ್ಷರ ಗವಾಯಿಗಳು (1892–1944) ಸ್ವತಃ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಿಂದ ಅವರಿಗೆ ಸಂಗೀತಶಿಕ್ಷಣ ದೊರೆಯಿತು. ತಾವು ಪಡೆದ ಆಶ್ರಯವನ್ನು ಅವರು ಅಂಧ ಬಾಲಕರಿಗೂ ಅನಾಥರಿಗೂ ಹಂಚಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಊರೂರು ತಿರುಗಿ, ನಾಟಕ ಕಂಪನಿಯನ್ನು ನಡೆಸಿ, ಭಕ್ತರ ಕಾಣಿಕೆಯನ್ನು ಕೂಡಿಸಿ ಆ ಅನ್ನದಾಸೋಹವನ್ನೂ ವಿದ್ಯಾದಾಸೋಹವನ್ನೂ ಮುಂದುವರಿಸಿದರು. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶ ಕುಮಾರ್ ಪುಟ್ಟರಾಜರ ಬಳಿ ಹತ್ತು ವರ್ಷಕ್ಕೂ ಮೀರಿ ಆಶ್ರಮವಾಸಿಯಾಗಿ ಕಲಿತವರು. ಫಿಲಡೆಲ್ಫಿಯದ ಚರ್ಚಿಗೂ ಗದುಗಿನ ಆಶ್ರಮಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಎರಡರಲ್ಲಿಯೂ ಒಂದು ಲಕ್ಷಣ ಸಮಾನವಾಗಿದೆ. ಕೊಡುವವರಿಗೂ ಪಡೆಯುವವರಿಗೂ ನಡುವೆ ಅರ್ಜಿ, ಪರೀಕ್ಷಕ ಮಂಡಲಿ ಯಾವುದೂ ಇರಲಿಲ್ಲ. ಹುಡುಗನನ್ನೋ ಹುಡುಗಿಯನ್ನೋ ಅವರು ಬಲ್ಲವರಾಗಿದ್ದರು. ಗುರುತು ಪರಿಚಯದ ಈ ಬಲವೇ ಇಂಥ ನೆರವಿನ ಮಿತಿಯೂ ಹೌದು. ಚರ್ಚಿನವರ ನಿಧಿ ಬೊಗೆಟ್ಟಿಯವರ ಪಾಠದ ಖರ್ಚಿಗೆ ಸಾಲುತ್ತಿತ್ತು. ಸಾಗರದಾಚೆಯ ಶಿಕ್ಷಣಕ್ಕೆ ಸಾಲುವಂತಿರಲಿಲ್ಲ.

1924ರಲ್ಲಿ ಆಂಡರ್ಸನ್ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಒಂದು ಕಚೇರಿ ಮಾಡಿದರು. ಸಭಾಂಗಣ ತುಂಬಲಿಲ್ಲ. ಮರುದಿನದ ವಿಮರ್ಶೆಗಳು ಆಕೆಯ ಜರ್ಮನ್ ಗೀತೆಗಳ ಉಚ್ಚಾರಣೆಯನ್ನೂ ಭಾವವನ್ನೂ ಆಕ್ಷೇಪಿಸಿದುವು. ಪಾಶ್ಚಾತ್ಯ ಕಲಾಗೀತೆಗಳ ಭಂಡಾರದಲ್ಲಿ ಷೂಬರ್ಟ್, ಬ್ರಾಮ್ಸ್ ಮೊದಲಾದವರ ಜರ್ಮನ್ ರಚನೆಗಳಿಗೆ ಅಗ್ರಸ್ಥಾನವುಂಟು. ಅಲ್ಲಿ ಸಾಹಿತ್ಯದ ಅರ್ಥವನ್ನು ಬಿಟ್ಟು ಕೇವಲ ನಾದದಿಂದ ಗೆಲ್ಲುವುದು ಸಾಧ್ಯವಿಲ್ಲ. ಆಕೆಗೆ ಜರ್ಮನ್ ಬರುತ್ತಿರಲಿಲ್ಲ. ಕಂಠಪಾಠ ಮಾಡಿದ ಶಬ್ದಗಳನ್ನು ಹಾಡುತ್ತಿದ್ದರು. ಆಕೆ ಎದೆಗುಂದಿ ಹಾಡುವುದನ್ನೇ ಬಿಟ್ಟುಬಿಡುವ ಯೋಚನೆಯನ್ನೂ ಮಾಡಿದರು. ಮರುವರ್ಷ, 1925ರಲ್ಲಿ, ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯಗೋಷ್ಠಿಯ ಆಶ್ರಯದಲ್ಲಿ ನಡೆದ ಸ್ಪರ್ಧೆಯಲ್ಲಿ ಸುಮಾರು 300 ಮಂದಿಯ ನಡುವೆ ಆಕೆಗೆ ಪ್ರಥಮ ಸ್ಥಾನ ಬಂದಿತು. ಬಹುಮಾನವೆಂದರೆ ಆ ವಾದ್ಯಗೋಷ್ಠಿಯೊಡನೆ ಒಂದು ಸಲ ಹಾಡುವ ಅವಕಾಶ. ಅದೇ ವರ್ಷ ಆಗಸ್ಟ್ 26ರಂದು ಲೂಯಿಸನ್ ಕ್ರೀಡಾಂಗಣದ ಬಯಲು ವೇದಿಕೆಯಲ್ಲಿ ಆಕೆ ಹಾಡಿದರು. ಪತ್ರಿಕೆಗಳು ಹೊಗಳಿದುವು.

ಕಥೆಯಾಗಿದ್ದರೆ ಇಲ್ಲಿಂದ ಮುಂದೆ ಏರುದಾರಿಯೇ ಇರುತ್ತಿತ್ತು. ನಡೆದದ್ದು ಹಾಗಲ್ಲ. ಒಬ್ಬ ಹೆಸರಾಂತ ವ್ಯವಸ್ಥಾಪಕರು ಆಕೆಯ ಕಚೇರಿಗಳ ಹೊಣೆ ಹೊತ್ತರು, ಕಚೇರಿಗಳು ಬಂದುವು, ಆದರೆ ಅವು ಹೆಚ್ಚಾಗಿ ಆಕೆ ಮೊದಲಿನಿಂದಲೂ ಹಾಡುತ್ತಿದ್ದ ಚರ್ಚುಗಳಿಗೂ ಕಪ್ಪು ಜನಾಂಗದ ಕಾಲೇಜುಗಳಿಗೂ ಸೀಮಿತವಾಗಿದ್ದುವು. 1927ರ ಕೊನೆಯಲ್ಲಿ ತನ್ನ ಉಳಿತಾಯದ ಹಣವನ್ನೇ ಖರ್ಚು ಮಾಡಿ ಲಂಡನ್ನಿಗೆ ಹೋಗಿಬಂದರು. 1928ರ ಕೊನೆಗೆ ಕಾರ್ನೆಗಿ ಹಾಲಿನಲ್ಲಿಯೂ ಹಾಡಿದರು. ಆದರೂ ಬಾಳು ನಿಂತಲ್ಲೇ ನಿಂತಿತ್ತು. ಸ್ಪರ್ಧೆ ಆಕೆಗೆ ಒಂದು ಸಂಜೆಯನ್ನು ಕೊಟ್ಟಿತ್ತು; ಜರ್ಮನ್ ಭಾಷೆಯನ್ನು ಕೊಟ್ಟಿರಲಿಲ್ಲ.

ಸ್ಪರ್ಧೆಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಇದೇ ಕಾಲದಲ್ಲಿ ನ್ಯೂಯಾರ್ಕಿನ ಬ್ಯಾಂಕು ವ್ಯವಹಾರಸ್ಥ ವಾಲ್ಟರ್ ನೌಂಬರ್ಗ್ ತನ್ನ ಹೆಸರಿನ ಪ್ರತಿಷ್ಠಾನವನ್ನು ಕಟ್ಟಿ, ಸ್ಪರ್ಧೆಯಲ್ಲಿ ಗೆದ್ದ ಯುವ ಸಂಗೀತಗಾರರಿಗೆ ಟೌನ್ ಹಾಲಿನಲ್ಲಿ ಮೊದಲ ಕಚೇರಿಯ ಖರ್ಚನ್ನೆಲ್ಲ ವಹಿಸಿಕೊಳ್ಳುವ ಪದ್ಧತಿಯನ್ನು ಆರಂಭಿಸಿದ್ದರು. ಸಭಾಂಗಣದ ಬಾಡಿಗೆ, ಜಾಹೀರಾತು, ಪಕ್ಕವಾದ್ಯದವರ ಸಂಭಾವನೆ ಇವನ್ನೆಲ್ಲ ಕಲಾವಿದನೇ ತೆತ್ತು ಸಭೆಯ ಮುಂದೆ ನಿಲ್ಲಬೇಕಾಗಿದ್ದ ನಗರದಲ್ಲಿ ಇದು ದೊಡ್ಡ ಉಪಕಾರ. ಪಿಯಾನೊ ವಾದಕ ವಿಲಿಯಂ ಕೆಪೆಲ್ 1941ರಲ್ಲಿ ಆ ಪ್ರಶಸ್ತಿಯನ್ನು ಪಡೆದು, ಇಪ್ಪತ್ತು ತುಂಬುವ ಮೊದಲೇ ನ್ಯೂಯಾರ್ಕಿನ ಶ್ರೋತೃಗಳಿಗೆ ಪರಿಚಿತರಾದರು. ಆದರೆ ಕೆಪೆಲ್ ಅಷ್ಟು ಹೊತ್ತಿಗೆ ಸಿದ್ಧ ಕಲಾವಿದರು. ಅವರಿಗೆ ಬೇಕಾಗಿದ್ದುದು ವೇದಿಕೆಯೊಂದೇ. ಕಲಿಕೆಯಲ್ಲಿ ಇನ್ನೂ ಒಂದು ದೊಡ್ಡ ಭಾಗ ಉಳಿದಿರುವವನಿಗೆ ವೇದಿಕೆ ದೊರೆತರೆ ಅದು ಅವನ ಕೊರತೆಯನ್ನೇ ಹೆಚ್ಚು ಮಂದಿಗೆ ತೋರಿಸಿಕೊಟ್ಟೀತು. ಅಲ್ಲದೆ ಒಂದೇ ಕಚೇರಿಯಿಂದ ಬಾಳು ಕಟ್ಟಿಕೊಳ್ಳುವುದು ಕಠಿಣವೆಂಬುದು ಅಲ್ಲಿಯವರಿಗೂ ಕ್ರಮೇಣ ಮನವರಿಕೆಯಾಯಿತು. 1961ರಲ್ಲಿ ಸೂಸನ್ ವಾಡ್ಸ್‌ವರ್ತ್ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ‘ಯಂಗ್ ಕನ್ಸರ್ಟ್ ಆರ್ಟಿಸ್ಟ್ಸ್’ ಸಂಸ್ಥೆಯು ಆಯ್ಕೆಯಾದವರಿಗೆ ಒಂದು ಸಂಜೆಯ ಬದಲು ಹಲವು ವರ್ಷಗಳ ಕಾಲ ಕಚೇರಿಗಳನ್ನು ಒದಗಿಸುವ ವ್ಯವಸ್ಥೆಯನ್ನು ಮಾಡಿತು. ಮರೇ ಪೆರಾಹಿಯ, ಇಮ್ಯಾನುಯೆಲ್ ಆಕ್ಸ್, ಪಿಂಕಾಸ್ ಜುಕರ್‌ಮನ್ ಮೊದಲಾದವರು ಈ ಮಾರ್ಗದಿಂದ ಮೇಲೆ ಬಂದವರು.

ಆಂಡರ್ಸನ್ ಅವರ ಬಾಳಿನ ತಿರುವಿಗೆ ಕಾರಣವಾದುದು ಬೇರೊಂದು ಬಗೆಯ ದತ್ತಿ. ಅದರ ವಿಷಯವಾಗಿ ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ.

ಜೂಲಿಯಸ್ ರೋಸೆನ್‌ವಾಲ್ಡ್ (1862–1932) ಷಿಕಾಗೋ ನಗರದ ವರ್ತಕರು; ಅಂಚೆಯ ಮೂಲಕ ಸರಕು ಮಾರುವ ಸಿಯರ್ಸ್ ರೋಬಕ್ ಸಂಸ್ಥೆಯ ಅಧ್ಯಕ್ಷರಾಗಿ ಅಪಾರ ಸಂಪತ್ತನ್ನು ಗಳಿಸಿದವರು. 1917ರಲ್ಲಿ ಅವರು ತಮ್ಮ ಹೆಸರಿನ ನಿಧಿಯನ್ನು ಸ್ಥಾಪಿಸಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನಾಂಗದ ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಅವರ ನೆರವಿನಿಂದ ಕಟ್ಟಲ್ಪಟ್ಟುವು. ಅವರು ಪೂರ್ತಿ ಹಣವನ್ನು ಕೊಡುತ್ತಿರಲಿಲ್ಲ. ಊರಿನವರು ತಮ್ಮ ಪಾಲನ್ನು ಹಣವಾಗಿಯೋ ಮೈದುಡಿಮೆಯಾಗಿಯೋ ಸೇರಿಸಬೇಕಾಗಿತ್ತು. 1928ರಲ್ಲಿ ನಿಧಿಯು ಪುನರ್ರಚಿತವಾಗಿ, ಎಡ್ವಿನ್ ಎಂಬ್ರೀ ಅದರ ಅಧ್ಯಕ್ಷರಾದಾಗ, ಶಾಲೆಗಳ ಜೊತೆಗೆ ವ್ಯಕ್ತಿಗಳಿಗೆ ಶಿಷ್ಯವೇತನ ಕೊಡುವ ಕಾರ್ಯವೂ ಸೇರಿಕೊಂಡಿತು. 1928ರಿಂದ 1948ರವರೆಗೆ ಎಂಟುನೂರಕ್ಕೂ ಮೀರಿದ ಮಂದಿ ಈ ವೇತನವನ್ನು ಪಡೆದರು. ಅವರಲ್ಲಿ ಬಹುಸಂಖ್ಯಾತರು ಕಪ್ಪು ಜನಾಂಗದ ಲೇಖಕರು, ವಿದ್ವಾಂಸರು, ಚಿತ್ರಕಾರರು, ಸಂಗೀತಗಾರರು. ದಕ್ಷಿಣದ ಬಿಳಿಯರೂ ಕೆಲವರಿದ್ದರು.

1929ರಲ್ಲಿ ಆಂಡರ್ಸನ್ ಷಿಕಾಗೋ ನಗರದಲ್ಲಿ ಹಾಡಿದಾಗ ಸಭೆಯಲ್ಲಿ ಈ ನಿಧಿಯ ಇಬ್ಬರು ಪ್ರತಿನಿಧಿಗಳಿದ್ದರು. ಅರ್ಜಿ ಹಾಕುವಂತೆ ಅವರೇ ಆಕೆಯನ್ನು ಪ್ರೇರೇಪಿಸಿದರು. ಬರ್ಲಿನ್ನಿನಲ್ಲಿ ವ್ಯಾಸಂಗಕ್ಕಾಗಿ 1,500 ಡಾಲರು ಮಂಜೂರಾಯಿತು. ಮೊತ್ತ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಆದರೆ ಅದು ಯಾವುದಕ್ಕಾಗಿ ಬಂತೆಂಬುದೇ ಮುಖ್ಯ. 1924ರಲ್ಲಿ ವಿಮರ್ಶಕರು ಬೆರಳಿಟ್ಟು ತೋರಿಸಿದ ಕೊರತೆ ಯಾವುದೋ ಅದನ್ನೇ ನೇರವಾಗಿ ತುಂಬುವ ಹಣವಿದು. ಬರ್ಲಿನ್ನಿನಲ್ಲಿ ಆಕೆ ಒಂದು ಜರ್ಮನ್ ಕುಟುಂಬದೊಡನೆ ವಾಸಮಾಡಿದರು. ಆ ಮನೆಯವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಊಟಕ್ಕೆ ಕುಳಿತಾಗಲೂ ಜರ್ಮನ್ ಮಾತನಾಡದೆ ಗತಿಯಿಲ್ಲ. ಪಾಠದಿಂದ ಬಾರದ ಭಾಷೆ ಹೀಗೆ ಒಡನಾಟದಿಂದ ಬಂದಿತು. 1930ರಲ್ಲಿ ಬರ್ಲಿನ್ನಿನಲ್ಲಿ ಆಕೆ ನಡೆಸಿದ ಮೊದಲ ಕಚೇರಿಯ ಖರ್ಚನ್ನು ಕೈಯಿಂದಲೇ ಭರಿಸಬೇಕಾಯಿತೆಂಬುದನ್ನೂ ಇಲ್ಲಿ ಸ್ಮರಿಸಬೇಕು. ನಿಧಿ ಕೊಟ್ಟದ್ದು ಕಾಲ ಮಾತ್ರ. ವೇದಿಕೆಯನ್ನು ಆಕೆಯೇ ಕೊಂಡುಕೊಂಡರು.

ಆ ಕಾಲದ ಫಲ ಬೇಗನೆ ಕಂಡುಬಂದಿತು. ಫಿನ್‌ಲೆಂಡಿನ ಪಿಯಾನೊ ವಾದಕ ಕೊಸ್ಟಿ ವೆಹಾನೆನ್ ಆಕೆಯ ಪಕ್ಕವಾದ್ಯಕ್ಕೆ ನಿಂತರು. ಸ್ಕ್ಯಾಂಡಿನೇವಿಯ ದೇಶಗಳಲ್ಲಿ ನೂರಕ್ಕೂ ಮೀರಿದ ಕಚೇರಿಗಳಾದುವು. ವೃದ್ಧ ವಾಗ್ಗೇಯಕಾರ ಸಿಬೇಲಿಯಸ್ ಆಕೆಯ ಗಾಯನವನ್ನು ಮೆಚ್ಚಿ ಒಂದು ಗೀತೆಯನ್ನು ಅರ್ಪಿಸಿದರು. 1935ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಆಕೆ ಹಾಡಿದುದನ್ನು ಕೇಳಿದ ತೊಸ್ಕನಿನಿ, ಇಂಥ ಕಂಠ ಶತಮಾನಕ್ಕೊಮ್ಮೆ ಕೇಳಸಿಗುವಂಥದೆಂಬ ಅರ್ಥದ ಮಾತನ್ನಾಡಿದರೆಂಬುದು ಸಂಗೀತ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅದೇ ವರ್ಷ ಡಿಸೆಂಬರ್ 30ರಂದು, ಹಡಗಿನಲ್ಲಿ ಬಿದ್ದು ಮುರಿದುಕೊಂಡಿದ್ದ ಕಾಲಿಗೆ ಕಟ್ಟು ಹಾಕಿಸಿಕೊಂಡೇ, ಹನ್ನೊಂದು ವರ್ಷಗಳ ಹಿಂದೆ ಸೋತಿದ್ದ ಟೌನ್ ಹಾಲಿನಲ್ಲಿ ಆಕೆ ಮತ್ತೆ ಹಾಡಿದರು. ಈ ಬಾರಿ ವಿಮರ್ಶಕರಿಗೆ ಆಕ್ಷೇಪಿಸಲು ಏನೂ ಉಳಿದಿರಲಿಲ್ಲ.

ಕಾಲವನ್ನು ದಾನ ಮಾಡುವುದೆಂದರೆ ಏನು ಎಂಬುದನ್ನು ನಮ್ಮ ದೇಶದ ಒಂದು ಸಂಸ್ಥೆಯಿಂದಲೂ ತಿಳಿಯಬಹುದು. ಐ.ಟಿ.ಸಿ. ಕಂಪನಿಯು 1970ರ ದಶಕದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಸಂಗೀತ ಸಂಶೋಧನಾಲಯದಲ್ಲಿ ಗುರುಶಿಷ್ಯರು ಒಂದೇ ಆವರಣದಲ್ಲಿ ವಾಸಮಾಡುವ ಏರ್ಪಾಡುಂಟು. ಶಿಷ್ಯನ ಅನ್ನವಸ್ತ್ರದ ಚಿಂತೆ ಸಂಸ್ಥೆಯದು. 1980ರಲ್ಲಿ ಉಸ್ತಾದ್ ನಿಸಾರ್ ಹುಸೇನ್ ಖಾನರು ಅಲ್ಲಿಗೆ ಗುರುಗಳಾಗಿ ಬಂದಾಗ ಅವರೊಡನೆ ಬಂದ ಬಾಲಕನೇ ಮುಂದೆ ದೇಶವೆಲ್ಲ ಬಲ್ಲ ರಶೀದ್ ಖಾನ್. ಆ ಬಾಲಕನು ಯಾವ ಸ್ಪರ್ಧೆಯನ್ನೂ ಗೆದ್ದು ಬಂದವನಲ್ಲ. ಅಲ್ಲಿ ಕಳೆದ ವರ್ಷಗಳಿಗೆ ಗಡುವು ಹಾಕಿ, ಪ್ರತಿ ಆರು ತಿಂಗಳಿಗೊಮ್ಮೆ ಫಲವನ್ನು ಕೇಳಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಸಂಗೀತದ ಹೊರಗೆ ರಂಗಭೂಮಿ, ನೃತ್ಯ ಮೊದಲಾದ ಕ್ಷೇತ್ರಗಳಲ್ಲಿ ಪ್ರಯೋಗಕ್ಕೂ ಶೋಧನೆಗೂ ಧನಸಹಾಯ ನೀಡುವ ಕೆಲಸವನ್ನು ಬೆಂಗಳೂರಿನಲ್ಲಿ 1993ರಲ್ಲಿ ನೋಂದಣಿಯಾದ ‘ಇಂಡಿಯ ಫೌಂಡೇಷನ್ ಫಾರ್ ದಿ ಆರ್ಟ್ಸ್’ 1995ರಿಂದ ಮಾಡುತ್ತ ಬಂದಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಪಕ್ವವಾದ ಪ್ರತಿಭೆಯನ್ನು ಗುರುತಿಸುವುದು ಹೇಗೆ? ಅರ್ಜಿಯ ಹಾಳೆಯಲ್ಲಿ ನೃತ್ಯವನ್ನು ಬರೆದು ತೋರಿಸಲು ಬರುವುದಿಲ್ಲ. ರೋಸೆನ್‌ವಾಲ್ಡ್ ನಿಧಿಯವರ ಮುಂದೆ ಇಂಥದೇ ಸಂದರ್ಭವೊಂದು ಬಂದಿತು. ಕ್ಯಾಥರಿನ್ ಡನ್‌ಹ್ಯಾಮ್ ಎಂಬ ತರುಣಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರದ ವಿದ್ಯಾರ್ಥಿನಿ, ಜೊತೆಗೆ ನರ್ತಕಿ. ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೋಗಿ ಅಲ್ಲಿಯ ಜನಪದ ನೃತ್ಯಗಳನ್ನು ಅಭ್ಯಸಿಸಬೇಕೆಂಬುದು ಆಕೆಯ ಬಯಕೆ. ಮಂಡಲಿಯವರು ಏನು ಮಾಡಬೇಕೆಂದಿರುವಿರಿ ಎಂದು ಕೇಳಿದಾಗ, ಆಕೆಯೇ ಹೇಳಿಕೊಂಡಿರುವಂತೆ, ಮಾತಿನಲ್ಲಿ ವಿವರಿಸುವ ಬದಲು ಎದ್ದುನಿಂತು ಅವರೆದುರಿನಲ್ಲಿಯೇ ಮೊದಲು ಪಾಶ್ಚಾತ್ಯ ಬ್ಯಾಲೆಯ ರೀತಿಯಲ್ಲಿ, ಅನಂತರ ಆಫ್ರಿಕದ ರೀತಿಯಲ್ಲಿ ಕುಣಿದು ತೋರಿಸಿದರು. 1935ರಲ್ಲಿ ವೇತನ ದೊರೆಯಿತು. ಹೊರಡುವ ಮುನ್ನ ಮಾನವಶಾಸ್ತ್ರಜ್ಞ ಹರ್ಸ್ಕೋವಿಟ್ಸ್ ಅವರ ಬಳಿ ಕ್ಷೇತ್ರಕಾರ್ಯದ ಶಿಕ್ಷಣವಾಯಿತು. ಜಮೈಕ, ಮಾರ್ಟಿನೀಕ್, ಟ್ರಿನಿಡಾಡ್, ಹೈಟಿಗಳಲ್ಲಿ ತಿರುಗಿ ಬಂದ ಆಕೆ, 1938ರಲ್ಲಿ ಮಾರ್ಟಿನೀಕಿನ ಜನರ ಕಾಳಗದ ಕುಣಿತವೊಂದನ್ನು ಆಧರಿಸಿ ನೃತ್ಯನಾಟಕವನ್ನು ರಚಿಸಿದರು; ಅಮೆರಿಕದ ಆಧುನಿಕ ನೃತ್ಯದಲ್ಲಿ ಒಂದು ಹೊಸ ಶೈಲಿಯೇ ಅಲ್ಲಿಂದ ಹುಟ್ಟಿತು. ಕಾಗದಪತ್ರಗಳ ವಿಧಿಯನ್ನು ಪಕ್ಕಕ್ಕಿಟ್ಟು ಕಣ್ಣಿಂದ ನೋಡುವ ಸಹನೆ ಆ ಮಂಡಲಿಯವರಿಗಿತ್ತೆಂಬುದು ಅವರ ಹಣಕ್ಕಿಂತಲೂ ದೊಡ್ಡ ಗುಣವೆಂದು ನಮಗೆ ತೋರುತ್ತದೆ. ನಮ್ಮಲ್ಲಿಯ ಆಯ್ಕೆ ಸಮಿತಿಗಳು ಮೂರು ಪ್ರತಿಗಳಲ್ಲಿ ಪ್ರಮಾಣಪತ್ರಗಳನ್ನು ಕೇಳುವಷ್ಟು ಆಸಕ್ತಿಯಿಂದ ಹಾಡನ್ನು ಕೇಳುತ್ತವೆಯೇ ಎಂಬುದನ್ನು ಅನುಭವಿಗಳೇ ಹೇಳಬೇಕು.

ಇನ್ನು ದತ್ತಿಯ ಹಣವನ್ನು ಇಡುವ ರೀತಿ. ನಮ್ಮ ಶಾಸನಗಳಲ್ಲಿ ದೇವಾಲಯಕ್ಕೋ ಅಗ್ರಹಾರಕ್ಕೋ ಭೂಮಿಯನ್ನು ಬಿಡುವಾಗ ಆ ಧರ್ಮವು ಆಚಂದ್ರಾರ್ಕವಾಗಿ ನಡೆಯಲೆಂದು ಬರೆಸುವುದು ವಾಡಿಕೆ. ಭೂಮಿಯನ್ನು ಮಾರಕೂಡದು, ಅದರ ಹುಟ್ಟುವಳಿಯಿಂದ ಧರ್ಮ ನಡೆಯಬೇಕು. ಆಧುನಿಕ ಪ್ರತಿಷ್ಠಾನಗಳಲ್ಲಿ ಬಹುಪಾಲು ಇದೇ ನ್ಯಾಯವನ್ನು ಅನುಸರಿಸುತ್ತವೆ. ಭೂಮಿಯ ಬದಲು ಮೂಲಧನ, ಹುಟ್ಟುವಳಿಯ ಬದಲು ಬಡ್ಡಿ ಮತ್ತು ಲಾಭಾಂಶ, ಸ್ಥಾನಿಕರ ಬದಲು ಧರ್ಮದರ್ಶಿಗಳು. ರೋಸೆನ್‌ವಾಲ್ಡ್ ಈ ನ್ಯಾಯವನ್ನು ಒಪ್ಪಲಿಲ್ಲ. 1929ರಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಶಾಶ್ವತ ನಿಧಿಗಳನ್ನು ಬಲವಾಗಿ ಖಂಡಿಸಿದರು. ಇಂದಿನ ಅಗತ್ಯಗಳನ್ನು ಇಂದಿನವರೇ ಪೂರೈಸಬೇಕು, ನಾಳಿನ ಅಗತ್ಯಗಳಿಗೆ ನಾಳಿನ ಧನಿಕರು ಹುಟ್ಟಿಯೇ ಹುಟ್ಟುತ್ತಾರೆ, ಸತ್ತವರ ಇಚ್ಛೆಗೆ ಬದುಕಿರುವವರನ್ನು ಕಟ್ಟಿಹಾಕಬಾರದು ಎಂಬುದು ಅವರ ವಾದದ ತಿರುಳು. ಮೂಲಧನವೂ ಸೇರಿ ಸಮಸ್ತ ಹಣವೂ ತಾವು ಸತ್ತ 25 ವರ್ಷಗಳೊಳಗೆ ಖರ್ಚಾಗಿ ಹೋಗಬೇಕೆಂದು ಅವರು ವಿಧಿಸಿದರು. ಅವರು ತೀರಿಕೊಂಡ 16 ವರ್ಷಗಳಿಗೇ, 1948ರಲ್ಲಿ, ನಿಧಿ ಬಾಗಿಲು ಮುಚ್ಚಿತು. ಮುಚ್ಚುವ ವರ್ಷದಲ್ಲಿಯೂ ಅದು ಪರ್ಲ್ ಪ್ರೈಮಸ್ ಎಂಬ ನರ್ತಕಿಯನ್ನು ಆಫ್ರಿಕದ ನೃತ್ಯಗಳ ವ್ಯಾಸಂಗಕ್ಕೆಂದು ಆ ಖಂಡಕ್ಕೆ ಕಳುಹಿಸಿಕೊಟ್ಟಿತು.

ಇದನ್ನು ಹುಚ್ಚು ಔದಾರ್ಯವೆಂದು ಹೇಳುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಮೂಲಧನವನ್ನು ಮುಟ್ಟದೆ ಬಡ್ಡಿಯಲ್ಲೇ ನಡೆಯಬೇಕಾದ ಸಂಸ್ಥೆಗೆ ತಪ್ಪಿ ನಡೆಯುವ ಧೈರ್ಯ ಕಡಿಮೆ. ಅದು ಗೆದ್ದವನ ಮೇಲೆಯೇ ಹಣ ಹೂಡಲು ನೋಡುತ್ತದೆ. ಹೇಗೂ ಖರ್ಚು ಮಾಡಿ ಮುಗಿಸಬೇಕಾದ ಹಣದಲ್ಲಿ, ಟೌನ್ ಹಾಲಿನಲ್ಲಿ ಸೋತು ಬಂದವಳನ್ನು ಬರ್ಲಿನ್ನಿಗೆ ಕಳುಹಿಸಬಹುದು. ಇದಕ್ಕೆ ಪ್ರತಿಯಾಗಿ ನೌಂಬರ್ಗ್ ಪ್ರತಿಷ್ಠಾನದಂಥ ಸಂಸ್ಥೆ ತಲೆಮಾರುಗಳಾಚೆಗೂ ಬಾಳಿತೆಂಬುದೂ, ರೋಸೆನ್‌ವಾಲ್ಡ್ ವೇತನ 1948ರ ತರುವಾಯ ಹುಟ್ಟಿದ ಪ್ರತಿಭೆಗಳಿಗೆ ಇಲ್ಲದಾಯಿತೆಂಬುದೂ ನಿಜ. ಎರಡನ್ನೂ ತೂಗಿದಾಗ, ಕಲಿಕೆಯ ಕಾಲಕ್ಕೆ ಕೊಡುವ ನಿಧಿಗೆ ರೋಸೆನ್‌ವಾಲ್ಡ್ ಮಾರ್ಗವೂ ವೇದಿಕೆಯನ್ನೊದಗಿಸುವ ನಿಧಿಗೆ ಶಾಶ್ವತ ಮೂಲಧನವೂ ಹೆಚ್ಚು ಹೊಂದುತ್ತವೆಂದು ನಾವು ಭಾವಿಸುತ್ತೇವೆ.

ಈಗ ದತ್ತಿಯ ಕೈಗೆ ನಿಲುಕದ ಸಂಗತಿಯೊಂದನ್ನು ಹೇಳಬೇಕಾಗಿದೆ. 1939ರ ವೇಳೆಗೆ ಆಂಡರ್ಸನ್ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಪ್ರಖ್ಯಾತರು. ಆದರೂ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿನ ಒಡೆತನವಿದ್ದ ಮಹಿಳಾಸಂಘ ಆಕೆಗೆ ಆ ಸಭಾಂಗಣವನ್ನು ಕೊಡಲು ನಿರಾಕರಿಸಿತು, ಕಾರಣ ಬಣ್ಣ. ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲೀನರ್ ಆ ಸಂಘಕ್ಕೆ ರಾಜೀನಾಮೆ ಕೊಟ್ಟರು. ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಆಕೆ ಹಾಡಿದಾಗ ಬಯಲಿನಲ್ಲಿ ನೆರೆದಿದ್ದವರು ಸುಮಾರು 75,000 ಮಂದಿ. ಮೆಟ್ರೊಪಾಲಿಟನ್ ಒಪೆರಾದ ರಂಗಮಂಚಕ್ಕೆ ಆಕೆಯನ್ನು ಕರೆದದ್ದಂತೂ 1955ರ ಜನವರಿ 7ರಂದು. ಅದಕ್ಕೆ ಮುಂಚೆ ಕಪ್ಪು ಜನಾಂಗದ ಯಾವ ಏಕಗಾಯಕರೂ ಆ ಸಂಸ್ಥೆಯಲ್ಲಿ ಹಾಡಿರಲಿಲ್ಲ. ಆಗ ಆಕೆಗೆ 57 ವರ್ಷ. ಕಂಠದ ಉತ್ತಮ ದಿನಗಳು ಕಳೆದುಹೋಗಿದ್ದುವು. 1,500 ಡಾಲರಿನಿಂದ ಜರ್ಮನ್ ಭಾಷೆಯನ್ನು ಕೊಳ್ಳಬಹುದಾಗಿತ್ತು. ಈ ಬಾಗಿಲನ್ನು ಕೊಳ್ಳಬಹುದಾಗಿರಲಿಲ್ಲ. ಬಾಲ್ಯದಲ್ಲಿ ಸಂಗೀತ ಶಾಲೆಯ ಬಾಗಿಲಲ್ಲಿ ಕೇಳಿಸಿಕೊಂಡ ಮಾತಿನ ಸದ್ದು ಅಷ್ಟು ದೂರದವರೆಗೂ ಹಿಂಬಾಲಿಸಿತು. 1957ರಲ್ಲಿ ಅಮೆರಿಕ ಸರ್ಕಾರದ ಸದ್ಭಾವನಾ ಪ್ರತಿನಿಧಿಯಾಗಿ ಏಷ್ಯದ ಪ್ರವಾಸ ಕೈಗೊಂಡಾಗ ಆಕೆ ಭಾರತಕ್ಕೂ ಬಂದಿದ್ದರು. ಸ್ವದೇಶದ ಎಷ್ಟೋ ಊರುಗಳಲ್ಲಿ ಬಿಳಿಯರ ಹೋಟೆಲುಗಳಲ್ಲಿ ಇಳಿದುಕೊಳ್ಳಲು ಬಿಡದಿದ್ದ ಕಾಲದಲ್ಲಿ ಆಕೆ ಹೊರದೇಶಗಳಲ್ಲಿ ಆ ದೇಶದ ಪ್ರತಿನಿಧಿ.

ಆಕೆ ಸ್ಥಾಪಿಸಿದ ದತ್ತಿಯ ವೃತ್ತಾಂತ ಇನ್ನುಳಿದಿದೆ. ಎಡ್ವರ್ಡ್ ಬೋಕ್ ಎಂಬ ಪತ್ರಿಕಾ ಸಂಪಾದಕರು 1921ರಲ್ಲಿ ಫಿಲಡೆಲ್ಫಿಯ ನಗರಕ್ಕೆ ಸೇವೆ ಸಲ್ಲಿಸಿದವರಿಗಾಗಿ 10,000 ಡಾಲರುಗಳ ಒಂದು ಪ್ರಶಸ್ತಿಯನ್ನು ಏರ್ಪಡಿಸಿದ್ದರು. 1941ರಲ್ಲಿ ಅದು ಆಂಡರ್ಸನ್ ಅವರಿಗೆ ಬಂದಿತು. ಆ ಹಣದಿಂದ ಆಕೆ ತರುಣ ಗಾಯಕರಿಗೆ ವಿದ್ಯಾರ್ಥಿವೇತನವನ್ನು ಸ್ಥಾಪಿಸಿದರು. 1943ರಿಂದ ಅದರ ವಿತರಣೆ ಆರಂಭವಾಯಿತು. ಮೊದಲ ವರ್ಷವೇ ಅದನ್ನು ಪಡೆದ ಕ್ಯಾಮಿಲ್ಲ ವಿಲಿಯಮ್ಸ್ 1946ರಲ್ಲಿ ನ್ಯೂಯಾರ್ಕ್ ಸಿಟಿ ಒಪೆರಾದಲ್ಲಿ ‘ಮೇಡಮ್ ಬಟರ್‌ಫ್ಲೈ’ ಪಾತ್ರವನ್ನು ವಹಿಸಿದರು. ಶರ್ಲಿ ವೆರೆಟ್, ಗ್ರೇಸ್ ಬಂಬ್ರಿ ಮೊದಲಾದವರೂ ಈ ನೆರವನ್ನು ಪಡೆದವರೇ. ದತ್ತಿಗೆ ಬಣ್ಣದ ಭೇದವಿರಲಿಲ್ಲ. ಬಿಳಿಯ ಗಾಯಕಿ ಜೂಡಿತ್ ರಾಸ್ಕಿನ್ ಎರಡು ಬಾರಿ ಅದನ್ನು ಪಡೆದರು. ಮೂಲಧನ ಅಲ್ಪವಾಗಿದ್ದುದರಿಂದ 1970ರ ದಶಕದಲ್ಲಿ ಹಣ ಬರಿದಾಗಿ ವಿತರಣೆ ನಿಂತುಹೋಯಿತು. 1998ರಿಂದ ಫಿಲಡೆಲ್ಫಿಯದಲ್ಲಿ ಆಕೆಯ ಹೆಸರಿನಲ್ಲಿ ಕೊಡಲಾದ ಗೌರವ ಮೊದಲು ಸಂದದ್ದು ಹ್ಯಾರಿ ಬೆಲಫಾಂಟೆ ಅವರಿಗೆ. ಅದು ಪ್ರಸಿದ್ಧರಿಗೆ ಮೀಸಲಾದ ಸನ್ಮಾನ. ನಾವು ಮೊದಲಲ್ಲಿ ಹೇಳಿದ, ಮೊಳಕೆಯಿಂದ ತೆನೆಯ ಕಡೆಗೆ ವಾಲುವ ಸ್ವಭಾವ ಇಲ್ಲಿಯೂ ಕಾಣುತ್ತದೆ. ಆದರೆ ಅದಕ್ಕೂ ಮುಂಚೆ, 1990ರಲ್ಲಿ, ತರುಣ ಗಾಯಕರಿಗೆಂದೇ ಪ್ರಶಸ್ತಿಯು ಪುನಃ ಸ್ಥಾಪಿತವಾಗಿತ್ತು. 1991ರಲ್ಲಿ ಅದನ್ನು ಪಡೆದ ಡೆನೀಸ್ ಗ್ರೇವ್ಸ್ ವಾಷಿಂಗ್ಟನ್ ನಗರದ ಕಪ್ಪು ಜನಾಂಗದ ಹುಡುಗಿ. ನಾಲ್ಕು ವರ್ಷಗಳ ತರುವಾಯ, 1995ರಲ್ಲಿ, ಆಕೆ ಮೆಟ್ರೊಪಾಲಿಟನ್ ಒಪೆರಾದಲ್ಲಿ ‘ಕಾರ್ಮೆನ್’ ಪಾತ್ರದಲ್ಲಿ ಮೊದಲ ಬಾರಿಗೆ ಹಾಡಿದರು. ಆಗ ಆಕೆಗೆ 31 ವರ್ಷ.